ಹಿಮ ಕಡೆದ ಕಣಿವೆಗಳಲ್ಲಿ ಒಂಬತ್ತು ದಿನ

ಸಾಗರ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಮೂವತ್ತೊಂದು ವರ್ಷ ಸಮಾಜ ವಿಜ್ಞಾನ ಪಾಠ ಮಾಡಿ ನಿವೃತ್ತನಾದವನು ನಾನು. ಭೂಗೋಳದಲ್ಲಿ ಹಿಮನದಿಯ ಕಾರ್ಯ ಎಂಬ ಪಾಠ ಬಂದಾಗಲೆಲ್ಲ ಕಪ್ಪುಹಲಗೆಯ ಮೇಲೆ ‘ಯು’ ಆಕಾರದ ಕಣಿವೆಯನ್ನೂ ಅದರ ಪಕ್ಕದಲ್ಲಿ ತೂಗು ಕಣಿವೆಯನ್ನೂ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದೆ. ಬರೆಯುತ್ತಿದ್ದ ನಾನಾಗಲಿ, ನೋಡುತ್ತಿದ್ದ ಮಕ್ಕಳಾಗಲಿ ಅಂಥದೊಂದು ಕಣಿವೆಯನ್ನು ಕಣ್ಣಾರೆ ಕಂಡವರಲ್ಲ; ನಮ್ಮ ಶರಾವತಿ, ವರದಾ ಕಣಿವೆಗಳೆಲ್ಲ ನೀರು ಕೊರೆದವು. ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ ನೆಲೆಸಿರುವ ಮಗಳು ಜೂನ್ ತಿಂಗಳಿನಲ್ಲಿ ನಮ್ಮಿಬ್ಬರನ್ನು ಕರೆಸಿಕೊಂಡು, “ಎಲ್ಲಿಗೆ ಹೋಗೋಣ ಅಪ್ಪಯ್ಯ?” ಎಂದು ಕೇಳಿದಾಗ ನನ್ನ ಬಾಯಿಗೆ ಲಂಡನ್ನಿನ ಹೆಸರು ಬರಲಿಲ್ಲ. ಹಿಮ ಕಡೆದ ನೆಲವನ್ನು ತೋರಿಸು ಎಂದೆ. ಅವಳೂ ಅಳಿಯಂದಿರೂ ಎರಡು ಸಂಜೆ ಕುಳಿತು ದಾರಿ ಗೊತ್ತುಮಾಡಿದರು. ನನ್ನಾಕೆ ಅವಲಕ್ಕಿ, ಚಟ್ನಿಪುಡಿ ಮತ್ತು ಊರಿನಿಂದ ತಂದಿದ್ದ ಅಪ್ಪೆಮಿಡಿ ಉಪ್ಪಿನಕಾಯಿಯ ಸಣ್ಣ ಭರಣಿಯೊಂದನ್ನು ಕಟ್ಟಿಕೊಂಡಳು. ಎಂಟು ವರ್ಷದ ಮೊಮ್ಮಗಳೂ ಸೇರಿ ಐವರು ಒಂದು ಬಾಡಿಗೆ ಕಾರಿನಲ್ಲಿ ಹೊರಟೆವು.

ಮೊದಲ ದಿನ: ಮಾಲಂ ಮತ್ತು ರಿಬಲ್‌ಹೆಡ್

ಲೀಡ್ಸ್ ಬಿಟ್ಟು ಒಂದೂವರೆ ಗಂಟೆಯೊಳಗೆ ಯಾರ್ಕ್‌ಷೈರ್ ಡೇಲ್ಸ್ ರಾಷ್ಟ್ರೀಯ ಉದ್ಯಾನವನದ ಮಾಲಂ ಎಂಬ ಹಳ್ಳಿಗೆ ಬಂದೆವು. ಹಳ್ಳಿಯಿಂದ ಹೊಲಗಳ ನಡುವಿನ ಕಾಲುದಾರಿಯಲ್ಲಿ ಇಪ್ಪತ್ತು ನಿಮಿಷ ನಡೆದರೆ ಮಾಲಂ ಕೋವ್ ಎದುರಾಗುತ್ತದೆ. ಸುಮಾರು 80 ಮೀಟರ್ ಎತ್ತರದ, ಅರ್ಧಚಂದ್ರಾಕಾರವಾಗಿ ಬಾಗಿರುವ ಬಿಳಿಯ ಸುಣ್ಣಕಲ್ಲಿನ ಗೋಡೆ ಅದು. ಹಿಮಯುಗ ಮುಗಿಯುವ ಕಾಲದಲ್ಲಿ ಕರಗಿದ ಹಿಮದ ನೀರು ಈ ಗೋಡೆಯ ನೆತ್ತಿಯಿಂದ ಧುಮುಕುತ್ತಿತ್ತು. ನೆಲದ ಬಿರುಕುಗಳು ತೆರೆದುಕೊಂಡ ಮೇಲೆ ನೀರು ಒಳಗೊಳಗೇ ಇಳಿದುಹೋಗಿ ಜಲಪಾತ ಬತ್ತಿತು; ಈಗ ಗೋಡೆಯ ಬುಡದಲ್ಲಿ ಸದ್ದಿಲ್ಲದೆ ಹೊಳೆಯೊಂದು ಹೊರಬರುತ್ತದೆ. 2015ರ ಡಿಸೆಂಬರಿನಲ್ಲಿ ಡೆಸ್ಮಂಡ್ ಎಂಬ ಬಿರುಗಾಳಿ ತಂದ ಮಳೆಗೆ ಒಂದಿಷ್ಟು ಹೊತ್ತು ನೀರು ಮತ್ತೆ ನೆತ್ತಿಯಿಂದಲೇ ಬಿದ್ದಿತ್ತು.

ಪಕ್ಕದ ಕಲ್ಲಿನ ಮೆಟ್ಟಿಲುಗಳು ನಾನೂರರಷ್ಟಿವೆ. ಮಂಡಿಗೆ ಬಿಡುವು ಕೊಡುತ್ತ ಹತ್ತಿದೆ. ಮೇಲೆ ಹಾಸಿದ್ದ ಕಲ್ಲುಹಾಸನ್ನು ಕಂಡು ನನಗೆ ಗಂಟಲು ಕಟ್ಟಿದಂತಾಯಿತು, ಏಕೆಂದರೆ ಅದರ ಚಿತ್ರವನ್ನು ನಾನು ಎಷ್ಟು ಸಲ ಬರೆದಿದ್ದೆನೋ ಲೆಕ್ಕವಿಲ್ಲ. ಹಿಮನದಿ ಮೇಲಿನ ಮಣ್ಣನ್ನೆಲ್ಲ ಹೆರೆದು ಒಯ್ದು, ಬೋಳಾದ ಸುಣ್ಣಕಲ್ಲಿನ ಬಿರುಕುಗಳನ್ನು ತುಸು ಆಮ್ಲೀಯವಾದ ಮಳೆನೀರು ಸಾವಿರಾರು ವರ್ಷ ಕರಗಿಸುತ್ತ ಬಂದಿದೆ. ಬಂಡೆಯ ತುಂಡುಗಳಿಗೆ ಇಲ್ಲಿನವರು ಕ್ಲಿಂಟ್ ಎಂದೂ ನಡುವಿನ ಸೀಳುಗಳಿಗೆ ಗ್ರೈಕ್ ಎಂದೂ ಹೇಳುತ್ತಾರೆ. ಮೊಮ್ಮಗಳು ಬೋರಲು ಮಲಗಿ ಒಂದು ಸೀಳಿನೊಳಗೆ ಭುಜದವರೆಗೆ ಕೈ ಇಳಿಸಿದಳು, ತಳ ಸಿಗಲಿಲ್ಲ. ಮೇಲೆ ಗಾಳಿ ಕಿವಿ ಹರಿಯುವಂತೆ ಬೀಸುತ್ತಿದ್ದರೂ ಆ ಸೀಳಿನ ಒಳಗೆ ಅಲುಗದ ತೇವ, ನಾಲಗೆಯಂತೆ ಉದ್ದನೆಯ ಎಲೆಯ ಜರಿಗಿಡ, ಒಂದು ಬಸವನಹುಳು ಇದ್ದವು. ಕುರಿಗಳ ಬಾಯಿಗೆ ಎಟುಕದ ಕಾರಣ, ಒಂದು ಕಾಲಕ್ಕೆ ಈ ಸೀಮೆಯನ್ನೆಲ್ಲ ಮುಚ್ಚಿದ್ದ ಕಾಡಿನ ಗಿಡಗಳು ಈಗ ಇಂಥ ಸೀಳುಗಳಲ್ಲಿ ಉಳಿದುಕೊಂಡಿವೆ.

ಮಧ್ಯಾಹ್ನ ಸೆಟಲ್ ಪಟ್ಟಣದ ಮೂಲಕ ರಿಬಲ್‌ಹೆಡ್ ರೈಲು ಸೇತುವೆಗೆ ಬಂದೆವು. 1870ರಲ್ಲಿ ಆರಂಭಿಸಿ 1874ರಲ್ಲಿ ಮುಗಿಸಿದ, 24 ಕಮಾನುಗಳ, 400 ಮೀಟರ್ ಉದ್ದದ ಈ ಸೇತುವೆಯ ಪ್ರತಿ ಆರನೆಯ ಕಂಬವನ್ನು ಉಳಿದವುಗಳಿಗಿಂತ ದಪ್ಪವಾಗಿ ಕಟ್ಟಿದ್ದಾರೆ. ಒಂದು ಕಂಬ ಕುಸಿದರೂ ಇಡೀ ಸಾಲು ಒಂದರ ಹಿಂದೊಂದು ಉರುಳಬಾರದೆಂಬ ಮುಂದಾಲೋಚನೆ ಅದು. ಈ ಬಯಲಿನಲ್ಲಿ ಗುಡಿಸಲು ಹಾಕಿಕೊಂಡು ದುಡಿದ ಕೂಲಿಗಳಲ್ಲಿ ಅನೇಕರು ಅಪಘಾತದಿಂದಲೂ ಸಿಡುಬಿನಿಂದಲೂ ಸತ್ತರು. 1980ರ ದಶಕದಲ್ಲಿ ಮುಚ್ಚಲು ಹೊರಟಿದ್ದ ಈ ಮಾರ್ಗವು ಜನರ ಹೋರಾಟದಿಂದಾಗಿ 1989ರಲ್ಲಿ ಉಳಿದುಕೊಂಡಿತು. ನಾವು ಅವಲಕ್ಕಿ ತಿಂದು ಮುಗಿಸುವಷ್ಟರಲ್ಲಿ ಎರಡೇ ಬೋಗಿಗಳ ರೈಲೊಂದು ಆ ಕಮಾನುಗಳ ಮೇಲೆ ಆಟಿಕೆಯಂತೆ ಹಾದುಹೋಯಿತು.

ಎರಡನೆಯ ದಿನ: ಸರೋವರಗಳ ಸೀಮೆ

ವಿಂಡರ್‌ಮಿಯರ್‌ನಲ್ಲಿ ಬೆಳಗಾಯಿತು. ಇಂಗ್ಲೆಂಡಿನ ಅತಿ ದೊಡ್ಡ ನೈಸರ್ಗಿಕ ಸರೋವರವಾದ ಇದರ ದಂಡೆಯ ಊರುಗಳಲ್ಲಿ ಜಾತ್ರೆಯಷ್ಟು ಜನ. ಮಗಳು ಅಲ್ಲಿ ನಿಲ್ಲಿಸದೆ ಗ್ರಾಸ್‌ಮಿಯರ್‌ಗೆ ಕರೆದೊಯ್ದಳು. ವರ್ಡ್ಸ್‌ವರ್ತ್ ಕವಿಗಳು 1799ರಿಂದ 1808ರವರೆಗೆ ವಾಸವಿದ್ದ ಡವ್ ಕಾಟೇಜ್ ಇಲ್ಲಿದೆ. ಸುಣ್ಣ ಬಳಿದ ಗೋಡೆಯ, ತಗ್ಗು ಮಾಡಿನ, ಕತ್ತಲು ಕೋಣೆಗಳ ಆ ಮನೆ ನಮ್ಮ ಹಳೆಯ ಹಳ್ಳಿಮನೆಗಳಿಗಿಂತ ದೊಡ್ಡದೇನಲ್ಲ. ನಡುವಿನ ಗುಡ್ಡಗಳಿಂದ ನಾನಾ ದಿಕ್ಕಿಗೆ ಚಾಚಿಕೊಂಡ ಇಲ್ಲಿನ ಸರೋವರಗಳನ್ನೂ ಕಣಿವೆಗಳನ್ನೂ ಅವರು ಚಕ್ರದ ಅರಗಳಿಗೆ ಹೋಲಿಸಿದ್ದರು. ನಕಾಶೆ ನೋಡಿದರೆ ಆ ಹೋಲಿಕೆ ಎಷ್ಟು ಕರಾರುವಾಕ್ಕಾದದ್ದು ಎಂದು ತಿಳಿಯುತ್ತದೆ. ಗುಡ್ಡದ ನೆತ್ತಿಯಲ್ಲಿ ಕೂಡಿದ ಹಿಮ ಎಲ್ಲ ಕಡೆಗೂ ಜಾರುತ್ತ ಕೊರೆದ ತಗ್ಗುಗಳಲ್ಲಿ ಇಂದು ನೀರು ನಿಂತಿದೆ. ಹಿಮನದಿಯ ಕೆಲಸ ಜಗತ್ತಿಗೆ ಅರ್ಥವಾಗುವ ಮೊದಲೇ ಕವಿಯ ಕಣ್ಣಿಗೆ ಅದರ ವಿನ್ಯಾಸ ಕಂಡಿತ್ತು.

ಆಂಬಲ್‌ಸೈಡ್ ಊರಿನಿಂದ ಕರ್ಕ್‌ಸ್ಟೋನ್ ಕಣಿವೆದಾರಿಗೆ ಏರುವ ರಸ್ತೆಯ ಹೆಸರು ದಿ ಸ್ಟ್ರಗಲ್, ಅಂದರೆ ಹೆಣಗಾಟ. ಐವರನ್ನು ಹೊತ್ತ ನಮ್ಮ ಕಾರು ಮೊದಲ ಗೇರಿನಲ್ಲಿ ಮುಲುಗುತ್ತ 454 ಮೀಟರ್ ಎತ್ತರದ ನೆತ್ತಿಯನ್ನು ಮುಟ್ಟಿತು. ಅಲ್ಲಿಂದ ಅಲ್ಸ್‌ವಾಟರ್ ಸರೋವರದ ಕಡೆಗೆ ಇಳಿಯುವಾಗ ಮೋಡ ಹರಿದು, ಇಕ್ಕೆಲದ ಹುಲ್ಲುಗುಡ್ಡಗಳೂ ಅವುಗಳ ಮೈಮೇಲೆ ಗಾರೆಯಿಲ್ಲದೆ ಪೇರಿಸಿದ ಕಲ್ಲುಗೋಡೆಗಳೂ ಹೊಳೆದವು. ಆಗುಂಬೆ ಘಾಟಿಯಲ್ಲಿ ಕಾಡು ನಮ್ಮ ನೋಟವನ್ನು ಮುಚ್ಚುತ್ತದೆ. ಇಲ್ಲಿ ಮರಗಳಿಲ್ಲದ್ದರಿಂದ ನೆಲದ ಎಲುಬು, ಕೀಲು ಎಲ್ಲವೂ ಕಾಣುತ್ತವೆ. ಗುಡ್ಡದಲ್ಲಿ ಮೇಯುತ್ತಿದ್ದವು ಹರ್ಡ್‌ವಿಕ್ ತಳಿಯ ಕುರಿಗಳು. ಅವುಗಳ ಮರಿಗಳು ಹುಟ್ಟುವಾಗ ಕಪ್ಪಗಿದ್ದು, ಬೆಳೆಯುತ್ತ ಬೂದುಬಣ್ಣಕ್ಕೆ ತಿರುಗುತ್ತವೆ. ಮಕ್ಕಳ ಕಥೆಗಾರ್ತಿ ಬಿಯಾಟ್ರಿಕ್ಸ್ ಪಾಟರ್ ಈ ತಳಿಯನ್ನು ಸಾಕಿ ಉಳಿಸಲು ದುಡಿದರು. 1943ರಲ್ಲಿ ತೀರಿಕೊಂಡಾಗ 4,000 ಎಕರೆಗೂ ಹೆಚ್ಚು ಜಮೀನನ್ನು ನ್ಯಾಷನಲ್ ಟ್ರಸ್ಟ್ ಸಂಸ್ಥೆಗೆ ಬಿಟ್ಟುಹೋದರು. ಈ ಸೀಮೆ ಇಂದಿಗೂ ರೆಸಾರ್ಟುಗಳ ಸಾಲಾಗದೆ ಉಳಿದಿರುವುದರಲ್ಲಿ ಇಂಥವರ ಪಾಲು ದೊಡ್ಡದು. ಕೊಡಗು, ಚಿಕ್ಕಮಗಳೂರುಗಳ ಗುಡ್ಡಗಳನ್ನು ನೆನೆದು ಮನಸ್ಸು ಭಾರವಾಯಿತು.

ಸಂಜೆ ಏರಾ ಫೋರ್ಸ್ ಎಂಬ ಜಲಪಾತಕ್ಕೆ ಹೋದೆವು. ಅದರ ಎತ್ತರ 20 ಮೀಟರ್ ಅಷ್ಟೇ. 253 ಮೀಟರ್‌ನ ಜೋಗವನ್ನು ನೋಡುತ್ತ ಬೆಳೆದವರಿಗೆ ಇದೇನು ಎನಿಸಬಹುದು ಎಂದುಕೊಂಡಿದ್ದೆ, ಆದರೆ ಪಾಚಿಗಟ್ಟಿದ ಕಲ್ಲಿನ ಪುಟ್ಟ ಸೇತುವೆಯ ಕೆಳಗೆ ಆ ನೀರು ಬೀಳುವ ಚೆಂದವೇ ಬೇರೆ. ನನ್ನಾಕೆ ಅಲ್ಲಿಂದ ಏಳಲು ಒಪ್ಪಲಿಲ್ಲ.

ಮೂರನೆಯ ದಿನ: ಲೋಮಂಡ್ ದಂಡೆಗೆ

ಈ ದಿನ ದೂರ ಸವೆಸುವುದೇ ಕೆಲಸವಾಗಿತ್ತು. ಹೆದ್ದಾರಿಯಲ್ಲಿ ಸ್ಕಾಟ್ಲೆಂಡಿನ ಗಡಿ ದಾಟಿ, ಗ್ಲಾಸ್ಗೋ ನಗರವನ್ನು ಹಾದು, ಮಧ್ಯಾಹ್ನದ ಮೇಲೆ ಲಾಕ್ ಲೋಮಂಡ್ ತಲುಪಿದೆವು. 71 ಚದರ ಕಿಲೋಮೀಟರ್ ಹರಡಿರುವ ಈ ಸರೋವರದ ಅಡ್ಡಕ್ಕೆ, ಸ್ಕಾಟ್ಲೆಂಡಿನ ಬಯಲುಸೀಮೆಯನ್ನೂ ಗುಡ್ಡನಾಡನ್ನೂ ಬೇರ್ಪಡಿಸುವ ಸ್ತರಭಂಗ, ಅಂದರೆ ನೆಲದ ಬಂಡೆಗಳು ಬಿರಿದು ಸರಿದ ಸೀಳು, ಹಾದುಹೋಗಿದೆ. ತೆಂಕಣದಲ್ಲಿ ನೀರು ಅಗಲ, ದಂಡೆ ತಗ್ಗು. ಬಡಗಣಕ್ಕೆ ಹೋದಂತೆ ನೀರು ಕಿರಿದಾಗಿ, ಗುಡ್ಡಗಳು ಮೇಲೇರಿ ಬರುತ್ತವೆ. ಮಳೆ ಹಿಡಿದುಕೊಂಡಿತು. ಕಾರಿನಲ್ಲೇ ಕುಳಿತು ಚಹಾ ಕುಡಿದೆವು.

ನಾಲ್ಕನೆಯ ದಿನ: ರಾನಕ್ ಜೌಗು ಮತ್ತು ಗ್ಲೆನ್‌ಕೋ

ಬೆಳಗ್ಗೆಯೂ ಮಳೆ ಬಿಟ್ಟಿರಲಿಲ್ಲ. ಅಳಿಯಂದಿರು, “ಮಾವ, ಒಂದು ದಿನ ತಡೆದು ಹೋಗೋಣವೇ?” ಎಂದರು. ಜೂನ್ ತಿಂಗಳಲ್ಲಿ ಮಳೆ ನಿಲ್ಲಲಿ ಎಂದು ಕಾಯುವುದು ಮಲೆನಾಡಿನವರ ಜಾಯಮಾನವಲ್ಲ, ಹೊರಡಿಸಿದೆ.

ಹೊರಟದ್ದು ಒಳ್ಳೆಯದಾಯಿತು. ರಾನಕ್ ಮೂರ್ ಎಂಬ ಆ ವಿಶಾಲ ಜೌಗುಬಯಲಿನ ಸ್ವಭಾವ ಅರ್ಥವಾಗುವುದು ಮಳೆಯಲ್ಲೇ. ಕಣ್ಣು ಹಾಯುವವರೆಗೆ ಕಂದು ಹುಲ್ಲು, ಕಪ್ಪು ನೀರಿನ ಹೊಂಡಗಳು, ಅಲ್ಲಲ್ಲಿ ಹಿಮ ತಂದು ಬಿಸಾಡಿ ಹೋದ ಹೆಬ್ಬಂಡೆಗಳು. ಕೊಳೆಯದೆ ಒಂದರ ಮೇಲೊಂದು ಕೂಡಿದ ಸಸ್ಯಗಳಿಂದಾದ ಇಲ್ಲಿನ ಪೀಟ್ ಎಂಬ ಕರಿಮಣ್ಣು ವರ್ಷಕ್ಕೆ ಸುಮಾರು ಒಂದು ಮಿಲಿಮೀಟರ್ ಮಾತ್ರ ಬೆಳೆಯುತ್ತದೆ. ಈ ಬಯಲಿನಲ್ಲಿ ರೈಲುಹಾದಿ ಹಾಕುವಾಗ ಗಟ್ಟಿ ನೆಲ ಸಿಗದೆ, ಮರದ ಬೇರು, ಕಡ್ಡಿಕಸಗಳ ಹಾಸಿನ ಮೇಲೆ ಹಳಿಗಳನ್ನು ತೇಲಿಸಿದಂತೆ ಕೂರಿಸಿದರು. 1894ರಲ್ಲಿ ತೆರೆದ ಆ ಹಾದಿಯಲ್ಲಿ ಇಂದಿಗೂ ರೈಲು ಓಡುತ್ತಿದೆ.

ಬಯಲು ಮುಗಿಯುವಲ್ಲಿ ಬುಅಕಲ್ ಎಟಿವ್ ಮೋರ್ ಪರ್ವತ ಗೋಪುರದಂತೆ ನಿಂತಿದೆ. ಗೇಲಿಕ್ ಭಾಷೆಯಲ್ಲಿ ಆ ಹೆಸರಿಗೆ ಎಟಿವ್ ಕಣಿವೆಯ ಹಿರಿಯ ದನಗಾಹಿ ಎಂದರ್ಥ. ಅದನ್ನು ಬಳಸಿ ರಸ್ತೆ ಗ್ಲೆನ್‌ಕೋ ಕಣಿವೆಗೆ ಇಳಿಯಿತು. ನಾನು ಕಾರು ನಿಲ್ಲಿಸಲು ಹೇಳಿ, ಕೊಡೆಯನ್ನೂ ಬಿಡಿಸದೆ ಇಳಿದೆ. ನನ್ನ ಕಪ್ಪುಹಲಗೆಯ ಚಿತ್ರ ಅಲ್ಲಿ ನಿಂತಿತ್ತು. ಚಪ್ಪಟೆ ತಳ, ನೇರ ಗೋಡೆಗಳು, ‘ಯು’ ಅಕ್ಷರದಂತೆ ತೋಡಿದ ಹೆಗ್ಗಣಿವೆ. ಅದರ ದಕ್ಷಿಣದ ಗೋಡೆಯಲ್ಲಿ ಮೂವರು ಅಕ್ಕತಂಗಿಯರೆಂದು ಕರೆಯುವ ಮೂರು ಬಂಡೆಗಲ್ಲಿನ ಮೂಗುಗಳು. ಅವುಗಳ ನಡುವೆ, ನೆಲದಿಂದ ಬಹಳ ಮೇಲೆ, ಬಾಯ್ತೆರೆದು ನಿಂತ ತೂಗು ಕಣಿವೆಗಳು. ಮುಖ್ಯ ಹಿಮನದಿ ಆಳಕ್ಕೆ ಕೊರೆದಾಗ ಅಷ್ಟು ಬಲವಿಲ್ಲದ ಉಪನದಿಗಳು ಮೇಲೆಯೇ ಉಳಿದವು ಎಂದು ನಾನು ವರ್ಷ ವರ್ಷವೂ ಹೇಳುತ್ತಿದ್ದ ವಾಕ್ಯ ನನಗೇ ಮೊದಲ ಸಲ ಕೇಳಿಸಿದಂತಾಯಿತು. ಮಳೆಯಿಂದಾಗಿ ಪ್ರತಿಯೊಂದು ತೂಗು ಕಣಿವೆಯ ಬಾಯಿಂದಲೂ ಬಿಳಿಯ ಝರಿ ಇಳಿಯುತ್ತಿತ್ತು. ಬಿಸಿಲಿದ್ದಿದ್ದರೆ ಅದು ಕಾಣುತ್ತಿರಲಿಲ್ಲ.

ಈ ಬಂಡೆಗಳು ಸುಮಾರು 42 ಕೋಟಿ ವರ್ಷಗಳ ಹಿಂದಿನ ಜ್ವಾಲಾಮುಖಿಯವು. 1692ರ ಫೆಬ್ರವರಿ 13ರ ನಸುಕಿನಲ್ಲಿ ಇಲ್ಲಿ ನಡೆದದ್ದನ್ನು ಸ್ಕಾಟ್ಲೆಂಡಿನ ಜನ ಇಂದಿಗೂ ಮರೆತಿಲ್ಲ. ಮೂರನೆಯ ವಿಲಿಯಂ ದೊರೆಗೆ ನಿಷ್ಠೆಯ ಪ್ರಮಾಣ ಮಾಡಲು ಮ್ಯಾಕ್‌ಡೊನಾಲ್ಡ್ ಕುಲದ ಮುಖಂಡ ಕೆಲವು ದಿನ ತಡಮಾಡಿದ ಎಂಬ ನೆಪ ಸಾಕಾಯಿತು. ಎರಡು ವಾರದ ಹತ್ತಿರ ಅದೇ ಕುಲದವರ ಮನೆಗಳಲ್ಲಿ ಉಂಡು ಮಲಗಿದ್ದ ಸೈನಿಕರು ಎದ್ದು 38 ಜನರನ್ನು ಕೊಂದರು. ಹೆಂಗಸರು, ಮಕ್ಕಳು ಹಿಮದಲ್ಲಿ ಓಡಿಹೋಗಿ ಚಳಿಗೆ ಸತ್ತರು. ಉಂಡ ಮನೆಗೆ ಎರಡು ಬಗೆಯಬಾರದೆಂದು ನಂಬಿದ ನಾಡಿನಿಂದ ಬಂದ ನನ್ನಾಕೆ ಇದನ್ನು ಕೇಳಿ ಬಹಳ ಹೊತ್ತು ಮಾತಾಡಲಿಲ್ಲ.

ಮಳೆ ನಿಂತ ಕೂಡಲೇ ಮಿಜ್ ಎಂಬ ನೊರಜುಗಳು ಮೋಡದಂತೆ ಕವಿದವು. ಕಣ್ಣಿಗೆ ಕಾಣದಷ್ಟು ಸಣ್ಣವಾದರೂ ಕಚ್ಚಿದಲ್ಲೆಲ್ಲ ದದ್ದು. ನಮ್ಮಲ್ಲಿ ಮಳೆಗಾಲಕ್ಕೆ ಉಂಬಳ ಹೇಗೋ ಇಲ್ಲಿ ಬೇಸಿಗೆಗೆ ಇವು ಹಾಗೆ. ಜೂನ್‌ನಿಂದ ಆಗಸ್ಟ್‌ವರೆಗೆ ಈ ಕಡೆ ಬರುವವರು ತಲೆಗೆ ಕಟ್ಟಿಕೊಳ್ಳುವ ಬಲೆಯನ್ನು ತರುವುದು ಒಳ್ಳೆಯದು. ರಾತ್ರಿ ಫೋರ್ಟ್ ವಿಲಿಯಂನಲ್ಲಿ ನಾವು ಕಾಯ್ದಿರಿಸಿದ್ದ ವಸತಿಗೃಹದಲ್ಲಿ ನಮ್ಮ ಹೆಸರೇ ಇರಲಿಲ್ಲ. ಮಗಳು ಒಂದು ಗಂಟೆ ಅಲೆದು ಬೇರೆ ಕೋಣೆ ಹುಡುಕಬೇಕಾಯಿತು.

ಐದನೆಯ ದಿನ: ಗ್ಲೆನ್‌ಫಿನನ್ ಮತ್ತು ಗ್ಲೆನ್ ರಾಯ್

ಬೆಳಗ್ಗೆ ಗ್ಲೆನ್‌ಫಿನನ್‌ನ 21 ಕಮಾನುಗಳ ಕಾಂಕ್ರೀಟ್ ಸೇತುವೆಯ ಮೇಲೆ ಉಗಿಬಂಡಿ ಹಾದುಹೋಗುವುದನ್ನು ನೂರಾರು ಜನರೊಡನೆ ಗುಡ್ಡದ ಮೇಲೆ ನಿಂತು ನೋಡಿದೆವು. ಮೊಮ್ಮಗಳಿಗಾಗಿ ಹೋದದ್ದು, ಅವಳು ಕುಣಿದಾಡಿದಳು.

ಮಧ್ಯಾಹ್ನದ ಮೇಲೆ ಹೋದದ್ದು ನನಗಾಗಿ. ಫೋರ್ಟ್ ವಿಲಿಯಂನಿಂದ ಈಶಾನ್ಯಕ್ಕೆ ರಾಯ್‌ಬ್ರಿಡ್ಜ್ ಎಂಬ ಊರು, ಅಲ್ಲಿಂದ ಒಂದೇ ಗಾಡಿ ಹಿಡಿಸುವ ಕಿರುರಸ್ತೆಯಲ್ಲಿ ಗ್ಲೆನ್ ರಾಯ್ ಕಣಿವೆ. ಪ್ರವಾಸಿಗರು ಇಲ್ಲಿಗೆ ಬರುವುದು ಅಪರೂಪ. ನಾವು ನಿಂತಿದ್ದ ಒಂದೂವರೆ ಗಂಟೆಯಲ್ಲಿ ಇನ್ನೊಂದೇ ಕಾರು ಬಂದಿತು. ಈ ಇಡೀ ಪ್ರವಾಸದಲ್ಲಿ ಒಂದೇ ಒಂದು ಜಾಗವನ್ನು ಮತ್ತೆ ನೋಡಬಹುದು ಎಂದರೆ ನಾನು ಇದನ್ನೇ ಕೇಳುತ್ತೇನೆ.

ಕಣಿವೆಯ ಎರಡೂ ಬದಿಯ ಗುಡ್ಡಗಳ ಮೇಲೆ, ಯಾರೋ ನೂಲು ಹಿಡಿದು ಎಳೆದಂತೆ, ಮೂರು ಗೆರೆಗಳಿವೆ. ಸಮುದ್ರಮಟ್ಟದಿಂದ 350, 325 ಮತ್ತು 260 ಮೀಟರ್ ಎತ್ತರದಲ್ಲಿ ಮೈಲಿಗಟ್ಟಲೆ, ಕಿಂಚಿತ್ತೂ ಏರಿಳಿಯದೆ, ಗುಡ್ಡ ಬಾಗಿದಲ್ಲಿ ಬಾಗಿ, ಎದುರಿನ ಗುಡ್ಡದಲ್ಲಿಯೂ ಅದೇ ಎತ್ತರದಲ್ಲಿ ಅವು ಮುಂದುವರಿಯುತ್ತವೆ. ಐತಿಹ್ಯದ ವೀರ ಫಿಂಗಲ್ ಬೇಟೆಗಾಗಿ ಮಾಡಿಸಿದ ರಸ್ತೆಗಳು ಎಂದು ಹಿಂದಿನವರು ನಂಬಿದ್ದರು. 1838ರಲ್ಲಿ ಇಲ್ಲಿಗೆ ಬಂದ ಚಾರ್ಲ್ಸ್ ಡಾರ್ವಿನ್, ದಕ್ಷಿಣ ಅಮೆರಿಕದಲ್ಲಿ ಮೇಲೆದ್ದ ಕಡಲತೀರಗಳನ್ನು ಕಂಡು ಬಂದವರಾದ್ದರಿಂದ, ಇವೂ ಹಳೆಯ ಕಡಲತೀರಗಳೇ ಎಂದು ಮರುವರ್ಷ ಪ್ರಬಂಧ ಬರೆದರು. 1840ರಲ್ಲಿ ಸ್ವಿಟ್ಜರ್ಲೆಂಡಿನ ಲೂಯಿ ಅಗಾಸಿ ಬಂದರು. ಆಲ್ಪ್ಸ್ ಪರ್ವತಗಳಲ್ಲಿ ಹಿಮನದಿಯೇ ಅಡ್ಡಗಟ್ಟೆಯಾಗಿ ನೀರು ನಿಲ್ಲಿಸುವುದನ್ನು ನೋಡಿದ್ದ ಅವರಿಗೆ, ಕಣಿವೆಯ ಬಾಯಿಯನ್ನು ಹಿಮ ಮುಚ್ಚಿದಾಗ ಹಿಂದೆ ನಿಂತ ಸರೋವರದ ದಂಡೆಗಳಿವು ಎಂಬುದು ಹೊಳೆಯಿತು. ಡಾರ್ವಿನ್ ಇಪ್ಪತ್ತು ವರ್ಷ ತಮ್ಮ ಮಾತನ್ನು ಬಿಟ್ಟುಕೊಡಲಿಲ್ಲ. ಕೊನೆಗೆ 1861ರಲ್ಲಿ ತಮ್ಮ ಪ್ರಬಂಧ ಮೊದಲಿನಿಂದ ಕೊನೆಯವರೆಗೆ ಒಂದು ಮಹಾ ಪ್ರಮಾದವೆಂದು ಸ್ವತಃ ಒಪ್ಪಿಕೊಂಡರು. ಅಷ್ಟು ದೊಡ್ಡ ವಿಜ್ಞಾನಿ ತಪ್ಪನ್ನು ಒಪ್ಪಿಕೊಂಡ ಜಾಗದಲ್ಲಿ ನಿಂತಿದ್ದೇನೆಂಬ ಭಾವನೆ ನನ್ನನ್ನು ಆಳವಾಗಿ ತಟ್ಟಿತು.

ಮೊಮ್ಮಗಳು ಕೇಳಿದಳು: “ಅಜ್ಜ, ಗೆರೆ ಮೂರೇ ಯಾಕೆ?”

ಸಾಗರದವರಿಗೆ ಇದನ್ನು ವಿವರಿಸುವುದು ಸುಲಭ. ಬೇಸಿಗೆಯಲ್ಲಿ ಲಿಂಗನಮಕ್ಕಿಯ ಹಿನ್ನೀರು ಇಳಿದಾಗ ದಂಡೆಯ ಗುಡ್ಡಗಳ ಮೇಲೆ ನೀರು ನಿಂತ ಗುರುತುಗಳು ಹೀಗೆಯೇ ಸಾಲಾಗಿ ಕಾಣುತ್ತವೆ. ಆದರೆ ಅವಳು ಹುಟ್ಟಿದ್ದು ಲೀಡ್ಸ್‌ನಲ್ಲಿ. ಹಾಗಾಗಿ ಕೆರೆಯ ಕೋಡಿಯಿಂದ ಶುರುಮಾಡಿದೆ. ಕೆರೆ ಎಷ್ಟು ತುಂಬಬೇಕೆಂಬುದನ್ನು ಏರಿ ತೀರ್ಮಾನಿಸುವುದಿಲ್ಲ, ಕೋಡಿ ತೀರ್ಮಾನಿಸುತ್ತದೆ; ನೀರು ಕೋಡಿಯ ಮಟ್ಟ ಮುಟ್ಟಿದ ಮೇಲೆ ಹೊರಗೆ ಹರಿಯುತ್ತದೆ. ಇಲ್ಲಿ ಗುಡ್ಡಗಳ ನಡುವಿನ ತಗ್ಗುಗಳೇ ಕೋಡಿಗಳು. ಸುಮಾರು 12,000 ವರ್ಷಗಳ ಹಿಂದೆ ಹಿಮ ಮುಂದೊತ್ತಿ ಬಂದು ಕಣಿವೆಬಾಯಿ ಮುಚ್ಚಿದಾಗ ನೀರು 260 ಮೀಟರ್ ಎತ್ತರದ ಕೋಡಿಯವರೆಗೆ ನಿಂತಿತು. ಹಿಮ ಇನ್ನೂ ಬೆಳೆದು ಆ ಕೋಡಿಯನ್ನೂ ಮುಚ್ಚಿದಾಗ 325ಕ್ಕೂ, ಬಳಿಕ 350ಕ್ಕೂ ಏರಿತು. ಹಿಮ ಕರಗುತ್ತ ಹಿಂದೆ ಸರಿದಾಗ ಅದೇ ಮೆಟ್ಟಿಲುಗಳಲ್ಲಿ ಇಳಿದು ಬರಿದಾಯಿತು. ಅಲೆ ಬಡಿದು, ಚಳಿಗೆ ಕಲ್ಲು ಒಡೆದು ದಂಡೆಯಾದ ಕಡೆ ಗೆರೆ ಉಳಿಯಿತು. ಬಿಸಿಲು ಓರೆಯಾಗಿ ಬಿದ್ದು ಮೂರೂ ಗೆರೆಗಳು ನೆರಳಿನಿಂದ ಎದ್ದು ತೋರಿದವು. ಕೋಡಿ ಎಂಬ ಪದವನ್ನು ಅವಳು ಎರಡು ಸಲ ಹೇಳಿಕೊಂಡಳು.

ಆರನೆಯ ದಿನ: ಸ್ಕೈ ದ್ವೀಪಕ್ಕೆ

ದಾರಿಯಲ್ಲಿ ಐಲಿಯನ್ ಡೋನನ್ ಕೋಟೆಯನ್ನು ನೋಡಿದೆವು. ಮೂರು ನೀರ್ಚಾಚುಗಳು ಕೂಡುವಲ್ಲಿ ಕಿರುದ್ವೀಪದ ಮೇಲೆ ನಿಂತಿರುವ ಈ ಕೋಟೆಯನ್ನು 1719ರಲ್ಲಿ ಸರ್ಕಾರದ ಯುದ್ಧನೌಕೆಗಳು ಹಾಳುಗೆಡವಿದ್ದವು. ಇಂದು ಕಾಣುವುದು ಇಪ್ಪತ್ತನೆಯ ಶತಮಾನದ ಪುನರ್ನಿರ್ಮಾಣ, 1932ರಲ್ಲಿ ಮುಗಿದದ್ದು. ಹೊರಗಿನ ನೋಟವೇ ಸಾಕೆನಿಸಿತು. 1995ರಲ್ಲಿ ತೆರೆದ ಸೇತುವೆಯ ಮೇಲಿಂದ ದ್ವೀಪಕ್ಕೆ ದಾಟಿದೆವು. ಇಲ್ಲಿನ ಅನೇಕ ರಸ್ತೆಗಳು ಒಂದು ಗಾಡಿಯ ಅಗಲಕ್ಕಷ್ಟೇ ಇದ್ದು, ಎದುರು ಗಾಡಿಗೆ ದಾರಿ ಬಿಡಲು ಅಲ್ಲಲ್ಲಿ ತಂಗುಜಾಗಗಳಿವೆ. ನಿಂತವರಿಗೆ ಹೋಗುವವರು ಕೈ ಎತ್ತಿ ವಂದಿಸುತ್ತಾರೆ. ಯಾರೂ ಹಾರ್ನ್ ಮಾಡುವುದಿಲ್ಲ. ರಾತ್ರಿ ಹತ್ತು ಗಂಟೆಗೂ ಆಕಾಶದಲ್ಲಿ ಬೆಳಕಿತ್ತು.

ಏಳನೆಯ ದಿನ: ಟ್ರಾಟರ್ನಿಶ್

ಸ್ಕೈ ದ್ವೀಪದ ಉತ್ತರದ ಟ್ರಾಟರ್ನಿಶ್ ಭಾಗದಲ್ಲಿ ಸುಮಾರು 6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ ಪದರಗಳ ಭಾರಕ್ಕೆ ಅಡಿಯ ಮೆದುಕಲ್ಲು ತಾಳದೆ, ಗುಡ್ಡದ ಮಗ್ಗುಲೇ ಕಿಲೋಮೀಟರುಗಟ್ಟಲೆ ಜಾರಿದೆ. ಬಿಜಾಪುರ, ಬೆಳಗಾವಿ, ಕಲಬುರಗಿಗಳ ಕರಿಮಣ್ಣಿಗೆ ತಾಯಿಯಾದ ದಖನ್ನಿನ ಬಸಾಲ್ಟ್ ಇದಕ್ಕಿಂತ ತುಸು ಹಿರಿಯದು; ಅದು ಸಮತಟ್ಟಾಗಿ ಮಲಗಿದೆ, ಇದು ಕುಸಿದು ಒಡೆದು ಗೋಪುರಗಳಾಗಿದೆ. ಓಲ್ಡ್ ಮ್ಯಾನ್ ಆಫ್ ಸ್ಟಾರ್ ಎಂಬ ಸುಮಾರು 50 ಮೀಟರ್ ಎತ್ತರದ ಕಲ್ಲುಗೂಟ ಅಂಥ ಒಂದು ತುಂಡು. ಮಗಳು, ಅಳಿಯ, ಮೊಮ್ಮಗಳು ಅದರ ಬುಡದವರೆಗೆ ಹತ್ತಿದರು. ನಾವಿಬ್ಬರು ಅರ್ಧದಲ್ಲಿ ಕುಳಿತೆವು. ಕಿಲ್ಟ್ ರಾಕ್‌ನಲ್ಲಿ ಕಡಲಿಗಿಳಿದ ಕಲ್ಲುಕಂಬಗಳ ಸಾಲನ್ನು ನೋಡಿ ನನ್ನಾಕೆ, “ಮಲ್ಪೆ ಎದುರಿನ ದ್ವೀಪದಲ್ಲಿ ಇರುವಂಥವೇ ಅಲ್ಲವೇ?” ಎಂದಳು. ಸರಿಯಾಗಿ ಗುರುತಿಸಿದ್ದಳು, ಕರಗಿದ ಕಲ್ಲು ಆರಿ ಕುಗ್ಗುವಾಗ ಬಿರಿದು ಕಂಬಗಳಾಗುವ ಕ್ರಿಯೆ ಎರಡೂ ಕಡೆ ಒಂದೇ.

ಕ್ವಿರಾಂಗ್‌ನಲ್ಲಿ ಆ ಜಾರುವಿಕೆ ಇನ್ನೂ ನಿಂತಿಲ್ಲ. ಬುಡದಲ್ಲಿ ಫ್ಲಾಡಿಗರಿಯ ಬಳಿಯ ರಸ್ತೆಯನ್ನು ಮತ್ತೆ ಮತ್ತೆ ದುರಸ್ತಿ ಮಾಡಬೇಕಾಗುತ್ತದೆ. ಮಂಜು ಒಮ್ಮೆ ಎಲ್ಲವನ್ನೂ ಅಳಿಸಿ, ಮರುಕ್ಷಣ ಹಸಿರು ದಿಬ್ಬ, ಕಪ್ಪು ಗೋಡೆ, ದೂರದ ಕಡಲು ಎಂದು ಒಂದೊಂದನ್ನೇ ತೋರಿಸುತ್ತಿತ್ತು. ಕೊಡಚಾದ್ರಿಯ ನೆತ್ತಿಯಲ್ಲಿ ನಿಂತಂತೆಯೇ ಅನಿಸಿತು.

ಎಂಟನೆಯ ದಿನ: ದಕ್ಷಿಣಕ್ಕೆ

ಲಾಕ್ ನೆಸ್ ದಂಡೆಯಲ್ಲಿ ಬಂದೆವು. ಸ್ತರಭಂಗವೊಂದರ ಸೀಳನ್ನೇ ಹಿಡಿದು ಹಿಮ ಆಳವಾಗಿ ಕೊರೆದ ಈ ಸರೋವರದಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ ಎಲ್ಲ ಸರೋವರಗಳನ್ನು ಕೂಡಿಸಿದರೂ ಮೀರುವಷ್ಟು ನೀರಿದೆ. ದಂಡೆಯ ಅಂಗಡಿಗಳಲ್ಲಿ ಮಾತ್ರ ಅದರ ಕಲ್ಪಿತ ಪ್ರಾಣಿಯ ಗೊಂಬೆಗಳದ್ದೇ ರಾಜ್ಯ. ಪಿಟ್ಲಾಕ್ರಿಯಲ್ಲಿ ತಂಗಿದೆವು.

ಒಂಬತ್ತನೆಯ ದಿನ: ಹೇಡ್ರಿಯನ್ನನ ಗೋಡೆ, ಮನೆ

ಕಾರ್ಟರ್ ಬಾರ್ ಗಡಿಯಲ್ಲಿ ಇಂಗ್ಲೆಂಡಿಗೆ ಮರಳಿ, ಸ್ಟೀಲ್ ರಿಗ್ ಎಂಬಲ್ಲಿ ಇಳಿದೆವು. ಕ್ರಿಸ್ತಶಕ 122ರಲ್ಲಿ ರೋಮ್ ಚಕ್ರವರ್ತಿ ಹೇಡ್ರಿಯನ್ ಆರಂಭಿಸಿದ, ಕಡಲಿನಿಂದ ಕಡಲಿಗೆ 117 ಕಿಲೋಮೀಟರ್ ಹಾಯುವ ಗೋಡೆ ಇಲ್ಲಿ ಕಪ್ಪು ಬಂಡೆಯ ಏಣಿನ ಮೇಲೆ ಏರುತ್ತ ಇಳಿಯುತ್ತ ಸಾಗುತ್ತದೆ. ಉತ್ತರದ ಕಡೆ ಬಂಡೆಯೇ ಕಡಿದಾಗಿ ಇಳಿದಿರುವುದರಿಂದ ಪ್ರಕೃತಿಯೇ ಅರ್ಧ ಕೆಲಸ ಮಾಡಿಕೊಟ್ಟಿದೆ. ಸೊಂಟದೆತ್ತರ ಉಳಿದ ಗೋಡೆಯ ಪಕ್ಕದಲ್ಲಿ ಕುಳಿತು ಉಳಿದಿದ್ದ ಅವಲಕ್ಕಿಗೆ ಭರಣಿಯ ಕೊನೆಯ ಮಿಡಿಗಳನ್ನು ಹಂಚಿಕೊಂಡೆವು.

ಲೀಡ್ಸ್ ತಲುಪಿದಾಗ ರಾತ್ರಿ ಒಂಬತ್ತು. ಅಡುಗೆಮನೆಯ ಗೋಡೆಯಲ್ಲಿ ಮೊಮ್ಮಗಳ ಬಿಳಿಹಲಗೆಯೊಂದಿದೆ. ಕೈ ತುರಿಸಿ, ಅದರ ಮೇಲೆ ಗ್ಲೆನ್ ರಾಯ್ ಕಣಿವೆಯನ್ನೂ ಮೂರು ಗೆರೆಗಳನ್ನೂ ಬಾಯಲ್ಲಿ ಅಡ್ಡ ನಿಂತ ಹಿಮವನ್ನೂ ಬರೆದೆ. ಅವಳು ನಿದ್ದೆಗಣ್ಣಿನಲ್ಲಿ ಬಂದು ನಿಂತು ನೋಡಿ, “ಅಜ್ಜ, ಕೋಡಿ ಎಲ್ಲಿ?” ಎಂದಳು. ಬರೆಯುವುದು ಮರೆತಿತ್ತು. ಪೆನ್ನನ್ನು ಅವಳ ಕೈಗೇ ಕೊಟ್ಟೆ.